ಗಥ್ರಿಗೆ ರಂಗ ಕೊಟ್ಟ ಸಭಾಭವನ

ಎಡಿನ್‌ಬರೊದ ಮೌಂಡ್ ದಿಬ್ಬದ ಮೇಲಿರುವ ಸ್ಕಾಟ್ಲೆಂಡ್ ಚರ್ಚಿನ ಅಸೆಂಬ್ಲಿ ಹಾಲ್‌ಗೆ ರಂಗಚರಿತ್ರೆಯಲ್ಲಿ ಸಿಕ್ಕಿರುವುದು ರಂಗನಿರ್ದೇಶಕ ಟೈರೋನ್ ಗಥ್ರಿಯವರ ಅಡಿಟಿಪ್ಪಣಿಯ ಜಾಗ. 1948ರ ಎಡಿನ್‌ಬರೊ ಉತ್ಸವಕ್ಕೆ ಅವರು ಡೇವಿಡ್ ಲಿಂಡ್ಸೆಯ ‘ತ್ರೀ ಎಸ್ಟೇಟ್ಸ್’ ವಿಡಂಬನೆಯನ್ನು ಇಲ್ಲಿ ಆಡಿಸಿದ್ದು, ಪ್ರೇಕ್ಷಕರ ನಡುವೆ ಚಾಚಿದ ಆ ರಂಗದ ಕಲ್ಪನೆ 1953ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್‌ಗೆ ಹೋದದ್ದು, ಎಲ್ಲ ಹಳೆಯ ಕತೆ. ಗಥ್ರಿಯವರ ಪ್ರತಿಭೆಯ ಬಗ್ಗೆ ತಕರಾರಿಲ್ಲ. ಆದರೆ ಆ ರಂಗದ ಅರ್ಧ ಕರ್ತೃತ್ವ 1858–59ರಲ್ಲಿ ಹಾಲ್ ಕಟ್ಟಿದ ವಾಸ್ತುಶಿಲ್ಪಿ ಡೇವಿಡ್ ಬ್ರೈಸ್‌ಗೂ ಕಟ್ಟಿಸಿದ ಫ್ರೀ ಚರ್ಚಿಗೂ ಸಲ್ಲಬೇಕು.

ಪಾದ್ರಿಯನ್ನು ಊರಿನ ಜಮೀನ್ದಾರ ಹೇರಕೂಡದು ಎಂದು 1843ರಲ್ಲಿ ಅಧಿಕೃತ ಚರ್ಚಿನಿಂದ ಹೊರನಡೆದವರ ಸಭೆ ಈ ಫ್ರೀ ಚರ್ಚು. ಅವರಲ್ಲಿ ಬಿಷಪ್ ಇಲ್ಲ. ಮಾಡರೇಟರ್ ಎಂದರೆ ಒಂದು ವರ್ಷದ ಸಭಾಧ್ಯಕ್ಷ, ಅಷ್ಟೆ. ಆಸನಗಳು ಅವರ ಪೀಠವನ್ನು ಮೂರು ಕಡೆಯಿಂದ ಸುತ್ತುವರಿದಿರುವುದರ ಅರ್ಥ ಇಲ್ಲಿದೆ. ಎದುರಿನವರನ್ನು ಒಲಿಸಿಕೊಂಡು ಪಕ್ಕದವರನ್ನು ಮರೆಯಲು ಇಲ್ಲಿ ಯಾವ ಮಾತುಗಾರನಿಗೂ ಆಗದು. ಅಧಿಕೃತ ಚರ್ಚಿನೊಂದಿಗಿನ 1929ರ ವಿಲೀನದ ನಂತರ ಅರಸೊತ್ತಿಗೆಯ ಪ್ರತಿನಿಧಿಗೆ ಮೇಲೆ ಗ್ಯಾಲರಿ ಸಿಕ್ಕಿತು, ಆದರೆ ವಿಧಿಯ ಪ್ರಕಾರ ಅದು ಸಭೆಯ ಹೊರಗೆ. ಲಿಂಡ್ಸೆಯ ನಾಟಕದಲ್ಲೂ ಪುರೋಹಿತರು, ಶ್ರೀಮಂತರು, ವರ್ತಕರು ಸೇರಿದ ಸಂಸತ್ತೊಂದು ನಡೆಯುತ್ತದೆ, ಭ್ರಷ್ಟರ ವಿಚಾರಣೆಯಾಗುತ್ತದೆ. ಚೌಕಟ್ಟಿನ ರಂಗದಲ್ಲಿ ಅದು ದೂರದ ದೃಶ್ಯ. ಇಲ್ಲಿ ಟಿಕೆಟ್ ಕೊಂಡವರೇ ಆ ಸಂಸತ್ತಿನ ಬೆಂಚುಗಳಲ್ಲಿ ಕೂತಿರುತ್ತಾರೆ. 1937ರಲ್ಲಿ ಡೆನ್ಮಾರ್ಕಿನ ಎಲ್ಸಿನೋರ್‌ನಲ್ಲಿ ಮಳೆ ಬಂದು ತಮ್ಮ ‘ಹ್ಯಾಮ್ಲೆಟ್’ ಪ್ರದರ್ಶನ ಹೋಟೆಲಿನ ನೃತ್ಯಶಾಲೆಗೆ ಸ್ಥಳಾಂತರಗೊಂಡಾಗಲೇ ಗಥ್ರಿಯವರಿಗೆ ಚಾಚಿದ ರಂಗದ ವಿಚಾರ ಹೊಳೆದಿತ್ತು ಎಂದು ಆಕ್ಷೇಪಿಸಬಹುದು. ನಿಜವೇ. ಆದರೆ ಅಲ್ಲಿ ಕುರ್ಚಿಗಳನ್ನು ಎಳೆದು ಜೋಡಿಸಬೇಕಾಯಿತು. ಇಲ್ಲಿ ಜೋಡಣೆ ಸುಮಾರು ತೊಂಬತ್ತು ವರ್ಷಗಳಿಂದ ಕಾದಿತ್ತು. ಹೊಳಹು ನಿರ್ದೇಶಕರದು, ವ್ಯಾಕರಣ ಹಾಲಿನದು.

ಹಾಲನ್ನು ‘ಬಹೂಪಯೋಗಿ’ ಎಂದು ಹೊಗಳುವ ಪರಂಪರೆಪ್ರಿಯರ ಮೇಲೂ ನನಗೆ ಅಷ್ಟೇ ಸಿಟ್ಟು. ಮದುವೆ ಛತ್ರಕ್ಕೆ ಸಲ್ಲುವ ಹೊಗಳಿಕೆ ಅದು. ಯಾರು ಬಂದರೂ ಹೊಂದಿಕೊಳ್ಳುವ ಜಾಗ ಇದಲ್ಲ, ಬಂದವರನ್ನೇ ಬಗ್ಗಿಸುತ್ತದೆ. 1988ರ ಮೇ 21ರಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತಮ್ಮ ಆರ್ಥಿಕ ನೀತಿಗೆ ಬೈಬಲ್ಲಿನ ಬೆಂಬಲ ಹುಡುಕಿ ಇಲ್ಲಿ ಮಾತಾಡಿದರು. ಕೊನೆಗೆ ಮಾಡರೇಟರ್ ಜೇಮ್ಸ್ ವೈಟ್ ವಸತಿ ಮತ್ತು ಬಡತನದ ಬಗೆಗಿನ ಚರ್ಚಿನ ವರದಿಗಳನ್ನು ಸೌಜನ್ಯದಿಂದಲೇ ಅವರ ಕೈಗಿಟ್ಟರು. 1999ರಿಂದ 2004ರವರೆಗೆ ಸ್ಕಾಟಿಷ್ ಸಂಸತ್ತು ಇಲ್ಲಿ ಬಿಡಾರ ಹೂಡಿದ್ದನ್ನು ಬರೀ ಬಾಡಿಗೆಯ ಏರ್ಪಾಡು ಎನ್ನುವವರಿದ್ದಾರೆ. ಬಾಡಿಗೆಯೇ ಇರಲಿ. ವೆಸ್ಟ್‌ಮಿನ್‌ಸ್ಟರ್‌ನ ಎದುರುಬದುರು ಬೆಂಚುಗಳನ್ನು ಬಿಟ್ಟು ಕುದುರೆಲಾಳದಾಕಾರದಲ್ಲಿ ಕೂತ ಶಾಸಕರು ಹೊಸದೇನನ್ನೂ ತರಲಿಲ್ಲ, ನೆಲದಲ್ಲಿದ್ದ ರೇಖೆಯನ್ನೇ ಹಿಡಿದರು. ಯಜಮಾನ ಯಾರೆಂಬುದೂ ಬೇಗ ಗೊತ್ತಾಯಿತು: 2000ದ ಮೇ ತಿಂಗಳಲ್ಲಿ ಚರ್ಚಿನ ಮಹಾಸಭೆಗೆ ಹಾಲ್ ಬೇಕಾದಾಗ ಸಂಸತ್ತು ಗಂಟುಮೂಟೆ ಕಟ್ಟಿ ಗ್ಲಾಸ್ಗೋಗೆ ಹೋಯಿತು.