ಕಾದಂಬರಿ ಮತ್ತು ಚಲನಚಿತ್ರ: ಮೂಲನಿಷ್ಠೆಯ ಪ್ರಶ್ನೆ

ಜನಮನದಲ್ಲಿ ನೆಲೆನಿಂತ ಕಾದಂಬರಿಯೊಂದು ಚಲನಚಿತ್ರವಾದಾಗ ಅದು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿರಬೇಕು ಎಂಬ ಪ್ರಶ್ನೆ ಕನ್ನಡದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಓದಿನ ಕಾಲಕ್ಕೆ ವಾಚಕನು ತನ್ನ ಕಲ್ಪನೆಯಿಂದಲೇ ಪಾತ್ರಗಳಿಗೆ ಮುಖವನ್ನೂ ಊರಿಗೆ ಬೀದಿಗಳನ್ನೂ ಕೊಟ್ಟಿರುತ್ತಾನೆ. ತೆರೆಯ ಮೇಲೆ ಬೇರೊಂದು ಮುಖ, ಬೇರೊಂದು ಬೀದಿ ಕಂಡಾಗ ಅವನಿಗೆ ತನ್ನದೇನೋ ಕಳೆದುಹೋದಂತಾಗುತ್ತದೆ. ಇದರಿಂದ ಎರಡು ಪಕ್ಷಗಳು ಹುಟ್ಟಿವೆ. ಮೂಲದ ಒಂದೆಳೆಯೂ ಕದಲಬಾರದೆಂಬುದು ಮೊದಲನೆಯದು. ಚಲನಚಿತ್ರ ಸ್ವತಂತ್ರ ಮಾಧ್ಯಮವಾದುದರಿಂದ ನಿರ್ದೇಶಕನಿಗೆ ಯಾವ ಕಟ್ಟೂ ಇಲ್ಲವೆಂಬುದು ಎರಡನೆಯದು. ಈ ಎರಡೂ ಅರ್ಧಸತ್ಯಗಳೆಂಬುದನ್ನು ಕನ್ನಡದ ಅನುಭವವೇ ತೋರಿಸಿಕೊಡುತ್ತದೆ.

ಪ್ರಶ್ನೆಯ ಹೊರರೂಪ ಹೊಸದಾದರೂ ಅದರ ತಿರುಳು ಹಳೆಯದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದಾಗ ದ್ವಿಪದಿಯು ಷಟ್ಪದಿಯಾಯಿತು. ಛಂದಸ್ಸು ಬದಲಾದರೂ ಭಕ್ತಿ ಬದಲಾಗಲಿಲ್ಲ. ಅಲ್ಲಮಪ್ರಭುವಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಲ್ಲಟ ನಡೆದಿದೆ. ಹರಿಹರನ ರಗಳೆಯ ಅಲ್ಲಮನು ಕಾಮಲತೆಯನ್ನು ಪ್ರೀತಿಸುತ್ತಾನೆ, ಅವಳ ಮರಣದಿಂದ ಉನ್ಮತ್ತನಾಗಿ ಅಲೆಯುತ್ತಾನೆ, ಆ ಅಲೆದಾಟದಲ್ಲಿಯೇ ಅನಿಮಿಷಯ್ಯನನ್ನು ಕಾಣುತ್ತಾನೆ. ಚಾಮರಸನ ಪ್ರಭುಲಿಂಗಲೀಲೆಯ ಅಲ್ಲಮನಾದರೋ ಮಾಯೆಗೆ ಒಮ್ಮೆಯೂ ಸಿಕ್ಕದವನು. ಒಬ್ಬನದು ದುಃಖದಿಂದ ಏರಿದ ಚೇತನ, ಇನ್ನೊಬ್ಬನದು ಎಂದೂ ಇಳಿಯದ ಚೇತನ. ಚಾಮರಸನು ಹರಿಹರನಿಗೆ ದ್ರೋಹ ಬಗೆದನೆಂದು ಕನ್ನಡ ಜನತೆ ಎಣಿಸಲಿಲ್ಲ, ಎರಡು ಕಾವ್ಯಗಳನ್ನೂ ಉಳಿಸಿಕೊಂಡಿತು. ಇನ್ನು ಶೂನ್ಯಸಂಪಾದನೆಯ ಸಂಕಲನಕಾರರು ಬೇರೆ ಬೇರೆ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಒಂದು ಸಂವಾದದ ಎಳೆಯಲ್ಲಿ ಪೋಣಿಸಿದರು. ನುಡಿ ಶರಣರದು, ಜೋಡಣೆ ಸಂಕಲನಕಾರರದು. ಶಿವಗಣಪ್ರಸಾದಿ ಮಹದೇವಯ್ಯನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಅದೇ ಕೃತಿಯನ್ನು ಮತ್ತೆ ಮತ್ತೆ ಪರಿಷ್ಕರಿಸಿದುದು ಗಮನಾರ್ಹ. ಆದುದರಿಂದ ರೂಪಾಂತರವೆಂಬುದು ಈ ನಾಡಿಗೆ ಸಿನಿಮಾ ತಂದಿತ್ತ ಸಮಸ್ಯೆಯಲ್ಲ.

ಈ ವಿಷಯದಲ್ಲಿ ಆನಂದವರ್ಧನನ ವಿವೇಚನೆ ಇಂದಿಗೂ ಉಪಯುಕ್ತ. ಒಬ್ಬ ಕವಿಯ ಕೃತಿಗೆ ಇನ್ನೊಬ್ಬನದು ಹೋಲುವುದನ್ನು ಆತನು ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕನ್ನಡಿಯ ಪ್ರತಿಬಿಂಬದಂತೆ ಹೋಲುವುದು ಒಂದು, ಚಿತ್ರಪಟದಂತೆ ಹೋಲುವುದು ಎರಡನೆಯದು, ಒಬ್ಬ ಮನುಷ್ಯನು ಇನ್ನೊಬ್ಬನನ್ನು ಹೋಲುವಂತೆ ಹೋಲುವುದು ಮೂರನೆಯದು. ಪ್ರತಿಬಿಂಬಕ್ಕೆ ಸ್ವಂತ ಆತ್ಮವಿಲ್ಲ, ಚಿತ್ರಪಟದ ಆತ್ಮ ತುಚ್ಛವಾದುದು. ಇವೆರಡೂ ತ್ಯಾಜ್ಯ. ಮೂರನೆಯದಕ್ಕೆ ತನ್ನದೇ ಆದ ಜೀವವಿರುವುದರಿಂದ ಕವಿ ಅದನ್ನು ಬಿಡಬೇಕಾಗಿಲ್ಲ. ಆನಂದವರ್ಧನನು ಕಾವ್ಯಗಳನ್ನು ಕುರಿತು ಹೇಳಿದ ಈ ಮಾತು ಕಾದಂಬರಿ ಮತ್ತು ಚಲನಚಿತ್ರಗಳ ಸಂಬಂಧಕ್ಕೂ ಒಪ್ಪುವ ಅಳತೆಗೋಲಾಗಿದೆ.

ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಬಿ.ವಿ. ಕಾರಂತರ ನಿರ್ದೇಶನದಲ್ಲಿ 1975ರಲ್ಲಿ ಚಿತ್ರವಾಗಿ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರೀಯ ಮನ್ನಣೆ ಪಡೆಯಿತು. ಚೋಮನಾಗಿ ಅಭಿನಯಿಸಿದ ಎಂ.ವಿ. ವಾಸುದೇವರಾಯರಿಗೂ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ಬೇಸಾಯ ಮಾಡಬೇಕೆಂಬ ಒಂದೇ ಆಸೆಯ ದಲಿತನಿಗೆ ತುಂಡು ಭೂಮಿಯೂ ದೊರೆಯದ ಕಥೆ ಅದು. ಪುಟದ ಮೇಲೆ ದುಡಿಯ ಸದ್ದನ್ನು ವಾಚಕನು ಊಹಿಸಿಕೊಳ್ಳಬೇಕು, ತೆರೆಯಲ್ಲಿಯಾದರೋ ಅದು ಕಿವಿಗೇ ಬೀಳುತ್ತದೆ. ರಂಗಸಂಗೀತದಲ್ಲಿ ಪಳಗಿದ ಬಿ.ವಿ. ಕಾರಂತರು ಈ ಅಂತರವನ್ನು ಚೆನ್ನಾಗಿ ಅರಿತಿದ್ದರು. ಚೋಮನು ಬಾಯಿಬಿಟ್ಟು ಹೇಳಲಾರದ ಕ್ರೋಧ, ಅಭಿಮಾನ, ಹತಾಶೆಗಳೆಲ್ಲ ದುಡಿಯಲ್ಲಿ ನುಡಿಯಾಗುತ್ತವೆ. ಕಾದಂಬರಿಕಾರರು ಮಾತಿನಿಂದ ವಿವರಿಸಿದ್ದ ಮನಃಸ್ಥಿತಿಯನ್ನು ಚಿತ್ರವು ನಾದಕ್ಕೆ ಬಿಟ್ಟುಕೊಟ್ಟಿತು. ಅಕ್ಷರನಿಷ್ಠೆಯ ದೃಷ್ಟಿಯಿಂದ ಇದು ಲೋಪವೆನಿಸಬಹುದು, ಅರ್ಥದ ದೃಷ್ಟಿಯಿಂದ ಇದೇ ಪೂರ್ಣ ನಿಷ್ಠೆ. ಇದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ಪ್ರೇಕ್ಷಕನ ಸಮಾಧಾನಕ್ಕಾಗಿ ಚೋಮನಿಗೆ ಕೊನೆಯಲ್ಲಿ ಭೂಮಿ ಕೊಡಿಸುವ ಅಗ್ಗದ ಕರುಣೆಯನ್ನು ಚಿತ್ರ ತೋರಲಿಲ್ಲ. ಹಾಗೆ ತೋರಿದ್ದರೆ ಪ್ರತಿಯೊಂದು ಸಂಭಾಷಣೆ ಮೂಲದ್ದೇ ಆಗಿದ್ದರೂ ಅದು ಚೋಮನಿಗೆ ಬಗೆದ ಎರಡನೆಯ ಅನ್ಯಾಯವಾಗುತ್ತಿತ್ತು. ಕೃತಿಯಲ್ಲಿ ನೊಂದವರ ನೋವನ್ನು ಕಡಮೆ ಮಾಡಿ ತೋರಿಸದಿರುವುದು ರೂಪಾಂತರಕಾರನ ಮೊದಲ ಕರ್ತವ್ಯ.

ಇದಕ್ಕೆ ಪ್ರತಿಯಾಗಿ ‘ನಾಗರಹಾವು’ (1972) ನಿದರ್ಶನವನ್ನು ನೋಡಬಹುದು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರದಲ್ಲಿ ಅಡಕಮಾಡಿದರು. ಚಿತ್ರ ಅಪಾರ ಜನಪ್ರಿಯತೆ ಗಳಿಸಿತು. ರಾಮಾಚಾರಿ ಮತ್ತು ಚಾಮಯ್ಯ ಮೇಷ್ಟರು ಕನ್ನಡಿಗರ ಮನೆಯವರೇ ಆಗಿಬಿಟ್ಟರು. ಆದರೆ ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಲೇಖಕರು ನೊಂದು ಆಡಿದ ಮಾತು ಇಂದಿಗೂ ನೆನಪಿನಲ್ಲಿದೆ. ಮೂರು ಕಾದಂಬರಿಗಳನ್ನು ಮೂರು ಗಂಟೆಗಳ ಒಳಗೆ ಹಿಡಿಸುವಾಗ ಘಟನೆಗಳು ಉಳಿಯುತ್ತವೆ, ಆ ಘಟನೆಗಳ ಹಿಂದಿನ ಮನೋವ್ಯಾಪಾರ ಜಾರಿಹೋಗುತ್ತದೆ. ಇಲ್ಲಿ ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಚಿತ್ರದ ಯಶಸ್ಸು ಲೇಖಕನ ಆಕ್ಷೇಪಣೆಗೆ ಉತ್ತರವಾಗದು. ಲೇಖಕನ ಆಕ್ಷೇಪಣೆಯಿಂದ ಚಿತ್ರದ ಜೀವಂತಿಕೆ ಸುಳ್ಳಾಗದು. ಅದೇ ಲೇಖಕರ ‘ಹಂಸಗೀತೆ’ಯನ್ನು ಜಿ.ವಿ. ಅಯ್ಯರರು 1975ರಲ್ಲಿ ಚಿತ್ರವಾಗಿಸಿದಾಗ, ಎಂ. ಬಾಲಮುರಳಿಕೃಷ್ಣರ ಗಾಯನದಿಂದ, ಅಕ್ಷರವು ಕೊಡಲಾರದ ಸಂಗೀತಾನುಭವವೇ ಪ್ರೇಕ್ಷಕನಿಗೆ ದೊರಕಿತೆಂಬುದನ್ನೂ ಮರೆಯಲಾಗದು. ಆದುದರಿಂದ ಯಾವ ಕೃತಿಯಲ್ಲಿ ಯಾವುದು ಪ್ರಾಣವೆಂಬುದನ್ನು ಮೊದಲು ಗುರುತಿಸದೆ ನಿಷ್ಠೆಯ ಮಾತನ್ನಾಡುವುದು ವ್ಯರ್ಥ.

ಪ್ರಾಣವು ಘಟನೆಯಲ್ಲಿರದೆ ಚಿಂತನೆಯಲ್ಲಿಯೇ ಇದ್ದಾಗ ತೊಡಕು ಹೆಚ್ಚುತ್ತದೆ. ‘ಮೂಕಜ್ಜಿಯ ಕನಸುಗಳು’ (1968) ಅಂತಹ ಕೃತಿ. ಅಜ್ಜಿ ಒಂದು ವಸ್ತುವನ್ನು ಮುಟ್ಟುತ್ತಲೇ ಸಹಸ್ರಾರು ವರ್ಷಗಳ ಹಿಂದಿನ ಬಾಳು ಅವಳಿಗೆ ಗೋಚರಿಸುತ್ತದೆ. ಆ ದರ್ಶನದ ಆಧಾರದ ಮೇಲೆ ದೇವರು, ಕಾಮ, ಸಂನ್ಯಾಸ ಮುಂತಾದವುಗಳ ವಿಚಾರಣೆ ನಡೆಯುತ್ತದೆ. ಪಿ. ಶೇಷಾದ್ರಿಯವರು ಬಿ. ಜಯಶ್ರೀಯವರನ್ನು ಅಜ್ಜಿಯಾಗಿಸಿ 2019ರಲ್ಲಿ ಇದನ್ನು ತೆರೆಗೆ ತಂದುದು ಸಾಹಸವೇ ಸರಿ. ಆದರೆ ಕಾದಂಬರಿಯಲ್ಲಿ ಅಜ್ಜಿ ಕಂಡುದನ್ನು ವಾಚಕನು ನಂಬಲೂಬಹುದು, ಸಂದೇಹಿಸಲೂಬಹುದು. ಕ್ಯಾಮರಾ ಏನನ್ನು ತೋರಿಸಿದರೂ ಅದು ನಡೆದೇ ನಡೆದಂತೆ ಕಾಣುತ್ತದೆ. ಮಾತು ತೆರೆದಿಟ್ಟ ಸಂದೇಹದ ಬಾಗಿಲನ್ನು ದೃಶ್ಯ ಮುಚ್ಚಿಬಿಡುವ ಅಪಾಯ ಇಂತಹ ಕೃತಿಗಳಲ್ಲಿ ಸದಾ ಇರುತ್ತದೆ. ಇದು ನಿರ್ದೇಶಕನೊಬ್ಬನ ದೋಷವಾಗಿರದೆ ಮಾಧ್ಯಮದ ಸ್ವಭಾವವೇ ಆಗಿದೆ.

ಮೂಲದಿಂದ ಬಹುದೂರ ಸರಿದೂ ಸಾರ್ಥಕವಾದ ಚಿತ್ರಕ್ಕೆ ಕುಂದಾಪುರದ ಕರಾವಳಿಯೇ ನಿದರ್ಶನ ಒದಗಿಸಿದೆ. ಕುಂದಾಪುರದಲ್ಲಿ ಜನಿಸಿದ ವೈದೇಹಿಯವರ ‘ಗುಲಾಬಿ ಟಾಕೀಸು’ ಕಾದಂಬರಿಯಲ್ಲ, ಸಣ್ಣಕಥೆ. ಪುಟ್ಟ ಊರಿಗೆ ಚಿತ್ರಮಂದಿರ ಬಂದಾಗ ಹೆಂಗಸರ ಬಾಳಿನಲ್ಲಿ ಎದ್ದ ಅಲೆಗಳು ಅಲ್ಲಿಯ ವಸ್ತು. ಗಿರೀಶ ಕಾಸರವಳ್ಳಿಯವರು 2008ರ ತಮ್ಮ ಚಿತ್ರದಲ್ಲಿ ಚಿತ್ರಮಂದಿರದ ಜಾಗದಲ್ಲಿ ಮನೆಯೊಳಗಿನ ಟೆಲಿವಿಷನ್ನನ್ನು ಇರಿಸಿದರು. ಕಾಲವನ್ನು 1990ರ ದಶಕದ ಅಂತ್ಯಕ್ಕೆ ತಂದರು. ಮೀನುಗಾರರ ಬಡತನವನ್ನೂ, ಯಾಂತ್ರಿಕ ದೋಣಿಗಳ ಪೈಪೋಟಿಯನ್ನೂ, ಮತೀಯ ವೈಷಮ್ಯವನ್ನೂ ಸೇರಿಸಿದರು. ಉಮಾಶ್ರೀಯವರು ಅಭಿನಯಿಸಿದ ಗುಲಾಬಿ ಮುಸಲ್ಮಾನ ಸೂಲಗಿತ್ತಿ. ಆ ಅಭಿನಯಕ್ಕೆ ಶ್ರೇಷ್ಠ ನಟಿ ಎಂಬ ರಾಷ್ಟ್ರಪ್ರಶಸ್ತಿ ಸಂದಿತು. ಊರ ಮಕ್ಕಳನ್ನೆಲ್ಲ ಕೈಗೆತ್ತಿಕೊಂಡ ಹೆಂಗಸೇ ಊರಿಗೆ ಬೇಡವಾಗುವ ದಾರುಣತೆ ಚಿತ್ರದ ಸ್ವಂತ ಸಂಪಾದನೆ. ತೆರೆಯ ಮೇಲಿನ ಬೆಳಕು ಬಡ ಹೆಂಗಸರಿಗೆ ಕ್ಷಣಕಾಲವಾದರೂ ಬೇರೊಂದು ಲೋಕವನ್ನು ತೆರೆಯುತ್ತದೆಂಬ ಕಥೆಯ ಒಳದನಿ ಮಾತ್ರ ಅಳಿಯಲಿಲ್ಲ. ಅಲ್ಲದೆ ಪಾತ್ರಗಳ ಬಾಯಲ್ಲಿ ಕುಂದಾಪುರ ಸೀಮೆಯ ಕನ್ನಡವೇ ಉಳಿಯಿತು. ನೆಲದ ನುಡಿಯನ್ನು ಕಳೆದುಕೊಂಡು ಕಥೆಯನ್ನು ಉಳಿಸಿಕೊಳ್ಳುವುದಕ್ಕಿಂತ ಇದು ದೊಡ್ಡ ನಿಷ್ಠೆ.

ಈ ಮಾತಿನ ಸತ್ಯ ಮರವಂತೆಯ ದಂಡೆಯಲ್ಲಿ ನಿಂತಾಗ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಈ ಅಪೂರ್ವ ನೋಟ ಚಿತ್ರೀಕರಣಕ್ಕೆ ಮರುಳು ಹಿಡಿಸುವಂಥದು. ಆದರೆ ದಂಡೆಯ ಜನರಿಗೆ ಕಡಲು ನೋಟವಷ್ಟೇ ಅಲ್ಲ. ಅದು ಮೀನು ಕೊಡುವ ಕಡಲು, ಮಳೆಗಾಲದಲ್ಲಿ ದಂಡೆಯನ್ನು ಕೊರೆದು ತೆಂಗಿನ ಮರಗಳನ್ನು ಒಯ್ಯುವ ಕಡಲು. ಇಲ್ಲಿಂದ ದಕ್ಷಿಣಕ್ಕೆ, ಕೋಟದ ಬಳಿಯ ಕೋಡಿ, ಇದೇ ರೀತಿ ಕಡಲಿಗೂ ಹೊಳೆಗೂ ನಡುವೆ ಸಿಕ್ಕ ನೆಲ. ‘ಮರಳಿ ಮಣ್ಣಿಗೆ’ ಕಾದಂಬರಿಯ ಮೂರು ತಲೆಮಾರುಗಳು ಬಾಳಿದುದು ಅಂತಹ ನೆಲದಲ್ಲಿ. ರಾಮೈತಾಳರ ಮನೆಯ ಪಾರೋತಿ, ಸರಸೋತಿಯರ ದುಡಿಮೆ, ನಾಗವೇಣಿಯ ಸಹನೆ, ಊರು ತೊರೆದು ಬೆಂಗಳೂರಿನ ಹೋಟೆಲುಗಳಿಗೆ ಹೋದವರ ಏಳುಬೀಳು, ಕೊನೆಗೆ ರಾಮನು ಮಣ್ಣಿಗೆ ಮರಳುವುದು, ಇವೆಲ್ಲಕ್ಕೂ ಆ ಕಡಲಿನ ಮೊರೆತವೇ ಶ್ರುತಿ. ಈ ಕಾದಂಬರಿಯನ್ನು ತೆರೆಗೆ ತರಬಯಸುವವನು ಹತ್ತಾರು ಪ್ರಸಂಗಗಳನ್ನು ಬಿಡಬಹುದು, ಪಾತ್ರಗಳನ್ನು ಕೂಡಿಸಬಹುದು. ಹಾಗೆ ಮಾಡದೆ ಗತ್ಯಂತರವೂ ಇಲ್ಲ. ಆದರೆ ಕಡಲನ್ನು ಸುಂದರ ಹಿನ್ನೆಲೆಯಾಗಿಸಿದ ಕ್ಷಣದಲ್ಲಿಯೇ ಅವನು ಕೃತಿಯನ್ನು ಕಳೆದುಕೊಳ್ಳುತ್ತಾನೆ. ಆನಂದವರ್ಧನನು ಚಿತ್ರಪಟದ ಹೋಲಿಕೆಯೆಂದು ತಳ್ಳಿಹಾಕಿದುದು ಇಂತಹುದನ್ನೇ.

ಕೃತಿಯ ಪ್ರಾಣವನ್ನು ಉಳಿಸಿದರೆ ಸಾಕು ಎಂಬ ಮಾತು ನುಣುಚಿಕೊಳ್ಳುವ ದಾರಿಯಾಗಬಾರದೇ ಎಂದು ಕೇಳಬಹುದು. ಆಕ್ಷೇಪಣೆ ಸಮಂಜಸವಾದುದು. ಮೂಲವನ್ನು ಮನಬಂದಂತೆ ತಿರುಚಿದವರೂ ಆಶಯವನ್ನು ಉಳಿಸಿದ್ದೇವೆಂದೇ ಹೇಳುತ್ತಾರೆ. ಅದಕ್ಕಾಗಿ ಪರೀಕ್ಷೆ ಖಚಿತವಾಗಿರಬೇಕು. ಕೃತಿಯ ನೈತಿಕ ಪ್ರಶ್ನೆ ಚಿತ್ರದಲ್ಲಿ ಅಷ್ಟೇ ತೀಕ್ಷ್ಣವಾಗಿ ಉಳಿದಿದೆಯೇ? ನೊಂದವರು ನೊಂದವರಾಗಿಯೇ ಕಾಣುತ್ತಾರೆಯೇ? ನೆಲ, ನುಡಿ, ದುಡಿಮೆಗಳು ಅಲಂಕಾರವಾಗದೆ ಬಾಳಾಗಿ ಬಂದಿವೆಯೇ? ಮಾಡಿದ ಬದಲಾವಣೆ ಹೊಸ ಅರ್ಥಕ್ಕಾಗಿಯೇ, ಅಥವಾ ಗಲ್ಲಾಪೆಟ್ಟಿಗೆಗಾಗಿಯೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಚಿತ್ರವು ಮೂಲದ ಅರ್ಧದಷ್ಟು ಪುಟಗಳನ್ನು ಬಿಟ್ಟರೂ ನಿಷ್ಠವೇ. ಕೊಡಲಾರದುದು ಪುಟಪುಟವನ್ನು ಅನುಸರಿಸಿದರೂ ಪ್ರತಿಬಿಂಬ ಮಾತ್ರ.

ಈ ಪರೀಕ್ಷೆ ಇಂದು ಹೆಚ್ಚು ಅಗತ್ಯವಾಗಿದೆ. ಕಾದಂಬರಿಯನ್ನು ಓದದ ತಲೆಮಾರಿಗೆ ಚಿತ್ರವೇ ಕಾದಂಬರಿಯಾಗುತ್ತದೆ. ಚೋಮನನ್ನೂ ಮೂಕಜ್ಜಿಯನ್ನೂ ಅವರು ತೆರೆಯ ಮೇಲೆ ಮಾತ್ರ ಬಲ್ಲರು. ನಿರ್ದೇಶಕನ ಕೈಯಲ್ಲಿ ಇರುವುದು ಇನ್ನೊಬ್ಬನ ಕೃತಿಯಷ್ಟೇ ಅಲ್ಲ, ಒಂದು ನಾಡಿನ ನೆನಪು ಕೂಡ. ಭಕ್ತನು ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿದಾಗ ಅದು ಪ್ರಸಾದವಾಗುತ್ತದೆ. ವಸ್ತು ಅದೇ ಆದರೂ ಸ್ವೀಕರಿಸುವವನ ಭಾವ ಬೇರೆ. ಕಾದಂಬರಿಯನ್ನು ಬರಿಯ ಪದಾರ್ಥವೆಂದು ಬಗೆದವನು ಅದನ್ನು ಉಂಡು ಮುಗಿಸುತ್ತಾನೆ. ಪ್ರಸಾದವೆಂದು ಬಗೆದವನು ಅದನ್ನು ಹಂಚುತ್ತಾನೆ.