ಉತ್ತರಕ್ಕೆ ಹೋದ ಬಿಲ್ಲಿ ಬೋಸ್ಟನ್

1953ರ ಮಾರ್ಚ್ ತಿಂಗಳಲ್ಲಿ ವಿಗನ್ ಎಂಬ ಇಂಗ್ಲೆಂಡಿನ ಊರಿಂದ ಒಂದು ರಗ್ಬಿ ಕ್ಲಬ್ಬಿನ ದೊಡ್ಡವರು ವೇಲ್ಸ್‌ನ ಕಾರ್ಡಿಫ್ ಬಂದರಿನ ಏಂಜಲೀನಾ ಬೀದಿಯ ಮನೆಯೊಂದಕ್ಕೆ ಬಂದರು. ತಂದಿದ್ದ ನೋಟುಗಳನ್ನು ಮೇಜಿನ ಮೇಲೆ ಹರಡಿದರು. ಹನ್ನೊಂದು ಮಕ್ಕಳ ತಾಯಿ ನೆಲ್ಲಿ ಬೋಸ್ಟನ್‌ಗೆ ಮಗನನ್ನು ಕಳಿಸುವ ಮನಸ್ಸಿರಲಿಲ್ಲ. ಬಂದವರು ಎದ್ದು ಹೋಗಲಿ ಎಂದೇ ಮೂರು ಸಾವಿರ ಪೌಂಡ್ ಕೊಟ್ಟರೆ ಆಗಬಹುದು ಅಂದರು. ಕ್ಲಬ್ಬಿನವರು ಒಪ್ಪಿಬಿಟ್ಟರು. ಆಡಿದ ಮಾತನ್ನು ಹಿಂದೆಗೆದುಕೊಳ್ಳುವಂತಿರಲಿಲ್ಲ. ಹದಿನೆಂಟರ ಹುಡುಗ ಬಿಲ್ಲಿ ಸಹಿ ಹಾಕಿದ, ಆಮೇಲೆ ಅತ್ತ.

ರಗ್ಬಿ ಎಂದರೆ ಒಂದೇ ಆಟ ಎಂದುಕೊಂಡವರಿಗೆ ಈ ಅಳು ಅರ್ಥವಾಗುವುದಿಲ್ಲ. ಉತ್ತರ ಇಂಗ್ಲೆಂಡಿನ ಗಣಿಗಳಲ್ಲಿ, ಬಟ್ಟೆ ಗಿರಣಿಗಳಲ್ಲಿ ದುಡಿಯುವವರು ಶನಿವಾರ ಆಟಕ್ಕೆ ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಿ ಎಂದು ಅವರ ಕ್ಲಬ್ಬುಗಳು ಕೇಳಿದವು. ಆಡಳಿತ ನಡೆಸುತ್ತಿದ್ದ ಸ್ಥಿತಿವಂತರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾದವು. ಅಲ್ಲಿ ಹುಟ್ಟಿದ್ದೇ ರಗ್ಬಿ ಲೀಗ್. 1906ರಿಂದ ಅದರಲ್ಲಿ ತಂಡಕ್ಕೆ ಹದಿಮೂರು ಜನ, ಹಳೆಯ ಆಟವಾದ ರಗ್ಬಿ ಯೂನಿಯನ್‌ನಲ್ಲಿ ಹದಿನೈದು. ಆದರೆ ನಿಜವಾದ ಗೋಡೆ ಎದ್ದದ್ದು ಹಣದ ಮೇಲೆ. ಲೀಗ್ ಆಡಿ ದುಡ್ಡು ಮುಟ್ಟಿದವನಿಗೆ ಯೂನಿಯನ್‌ನ ಬಾಗಿಲು ಜೀವಮಾನಕ್ಕೆ ಮುಚ್ಚಿತು. ಈ ನಿಷೇಧ 1995ರವರೆಗೂ ಇತ್ತು. ವೇಲ್ಸ್‌ನಲ್ಲಿ ಇದಕ್ಕೊಂದು ಮಾತೇ ಇತ್ತು: ಅವನು ಉತ್ತರಕ್ಕೆ ಹೋದ.

ಬಿಲ್ಲಿ ಅತ್ತದ್ದು ಅದಕ್ಕೆ. ಅವರಿಗೆ ಕಾರ್ಡಿಫ್ ಕ್ಲಬ್ಬಿಗೆ ಆಡಬೇಕಿತ್ತು, ವೇಲ್ಸ್‌ನ ಕೆಂಪಂಗಿ ತೊಡಬೇಕಿತ್ತು.

ಅವರು ಹುಟ್ಟಿದ್ದು 1934ರಲ್ಲಿ, ಟೈಗರ್ ಬೇ ಎಂದು ಹೆಸರಾದ ಬಂದರು ಕೇರಿಯಲ್ಲಿ. ತಂದೆ ಸಿಯೆರಾ ಲಿಯೋನ್‌ನಿಂದ ಬಂದ ಹಡಗಿನ ಕೆಲಸಗಾರ, ತಾಯಿ ಐರಿಷ್ ಮೂಲದ ಕಾರ್ಡಿಫ್ ಹೆಣ್ಣುಮಗಳು. ಕಲ್ಲಿದ್ದಲು ಹೊತ್ತ ಹಡಗುಗಳ ಜೊತೆ ಸೊಮಾಲಿಯಾ, ಯೆಮೆನ್, ಪಶ್ಚಿಮ ಆಫ್ರಿಕಾಗಳಿಂದ ಬಂದವರು ಅಲ್ಲಿ ಒಂದೇ ಗೋಡೆ ಹಂಚಿಕೊಂಡು ಬದುಕಿದರು. ಗಾಯಕಿ ಶರ್ಲಿ ಬ್ಯಾಸಿ ಹುಟ್ಟಿದ್ದೂ ಈ ಕೇರಿಯಲ್ಲೇ. ಅಲ್ಲಿಂದ ಕಾರ್ಡಿಫ್ ಕ್ಲಬ್ಬಿನ ಆರ್ಮ್ಸ್ ಪಾರ್ಕ್ ಮೈದಾನ ನಡೆದು ಹೋಗುವಷ್ಟು ಹತ್ತಿರ. ಆದರೂ ಕರೆ ಬರಲಿಲ್ಲ. ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ ರಾಯಲ್ ಸಿಗ್ನಲ್ಸ್ ತಂಡದ ಪರವಾಗಿ ಆರ್ಮಿ ಕಪ್ ಫೈನಲ್‌ನಲ್ಲಿ ಆರು ಟ್ರೈ ಹೊಡೆದ ಹುಡುಗ ಅವರು. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿದರೆ ಒಂದು ಟ್ರೈ. ಒಂದೇ ಪಂದ್ಯದಲ್ಲಿ ಆರು ಸಲ ಹಾಗೆ ಮಾಡಿದವನನ್ನು ಊರಿನ ದೊಡ್ಡ ಕ್ಲಬ್ಬು ಕಣ್ಣೆತ್ತಿ ನೋಡಲಿಲ್ಲ ಎಂದರೆ ನಂಬುವುದು ಹೇಗೆ?

ಬಣ್ಣದ ಕಾರಣಕ್ಕೆ ಬೇಡ ಎಂದು ಯಾರೂ ಕಾಗದದ ಮೇಲೆ ಬರೆದಿಡುವುದಿಲ್ಲ. ಫಲಿತಾಂಶವನ್ನು ನೋಡಬೇಕು. ಯೂನಿಯನ್‌ನ ವೇಲ್ಸ್ ತಂಡದಲ್ಲಿ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1980ರ ದಶಕದಲ್ಲಿ. ಅದಕ್ಕೂ ಬಹಳ ಮೊದಲೇ ಟೈಗರ್ ಬೇಯಿಂದ ಜಾನಿ ಫ್ರೀಮನ್, ಕಾಲಿನ್ ಡಿಕ್ಸನ್ ಉತ್ತರಕ್ಕೆ ಹೋಗಿದ್ದರು. ಕಾರ್ಡಿಫ್‌ನವರೇ ಆದ ಕ್ಲೈವ್ ಸುಲ್ಲಿವನ್ ಹಲ್ ಊರಿಗೆ ಹೋಗಿ, 1972ರಲ್ಲಿ ಗ್ರೇಟ್ ಬ್ರಿಟನ್ ತಂಡದ ನಾಯಕರಾಗಿ ವಿಶ್ವಕಪ್ ಎತ್ತಿದರು. ಆದ್ದರಿಂದ ಹಣದ ಆಸೆಗೆ ಬಿದ್ದು ಹೋದರು ಎಂಬ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ. ವೇಲ್ಸ್ ಇವರನ್ನು ಕಳೆದುಕೊಳ್ಳಲಿಲ್ಲ, ಹೊರಗೆ ನಿಲ್ಲಿಸಿತು.

ಇನ್ನು ಆಟದ ವಿಚಾರ. ವಿಗನ್‌ನ ಎರಡನೇ ತಂಡದಲ್ಲಿ ಬೋಸ್ಟನ್ ಮೊದಲ ಪಂದ್ಯ ಆಡಿದ ದಿನ ಎಂಟು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮುಖ್ಯ ತಂಡಕ್ಕೆ ಆರೇ ಪಂದ್ಯ ಆಡಿದ್ದರು, ಅಷ್ಟರಲ್ಲೇ 1954ರ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪ್ರವಾಸಕ್ಕೆ ಆಯ್ಕೆಯಾದರು. ಗ್ರೇಟ್ ಬ್ರಿಟನ್ ಲೀಗ್ ತಂಡದ ಜೊತೆ ಅಂಥ ಪ್ರವಾಸಕ್ಕೆ ಹೋದ ಮೊದಲ ಕಪ್ಪು ಆಟಗಾರ ಅವರೇ. ಹತ್ತೊಂಬತ್ತರ ಆ ಹುಡುಗ 18 ಪಂದ್ಯಗಳಲ್ಲಿ 36 ಟ್ರೈ ಹೊಡೆದು ದಾಖಲೆ ಬರೆದ.

ಬೋಸ್ಟನ್ ಆಡುತ್ತಿದ್ದದ್ದು ವಿಂಗ್‌ನಲ್ಲಿ. ಅಲ್ಲಿ ಆಡುವವನ ಒಂದು ಮಗ್ಗುಲಿಗೆ ಮೈದಾನದ ಗೆರೆ, ಇನ್ನೊಂದು ಮಗ್ಗುಲಿಗೆ ಎದುರಾಳಿಗಳ ಸಾಲು. ಅವನಿಗಿರುವ ಜಾಗ ಹೊಲದ ಬದುವಿನಷ್ಟು. ಅಲ್ಲಿ ಅವನು ಹೊರಗಿನಿಂದ ಸುತ್ತಿ ಓಡಬಹುದು, ಒಳಕ್ಕೆ ಹೆಜ್ಜೆ ಮುರಿಯಬಹುದು, ಇಲ್ಲವೇ ಎದುರಿಗಿದ್ದವನ ಮೇಲೆಯೇ ನುಗ್ಗಬಹುದು. ಸಾಮಾನ್ಯವಾಗಿ ಒಬ್ಬ ಆಟಗಾರನಿಗೆ ಇವುಗಳಲ್ಲಿ ಒಂದು ಒಲಿದಿರುತ್ತದೆ, ಹೆಚ್ಚೆಂದರೆ ಎರಡು. ಬೋಸ್ಟನ್‌ಗೆ ಮೂರೂ ಒಲಿದಿದ್ದವು. ಹಳೆಯ ಸುದ್ದಿಚಿತ್ರಗಳ ಮಸುಕು ದೃಶ್ಯಗಳಲ್ಲಿ ನೋಡಿದರೆ ಮೊದಲ ವರ್ಷಗಳ ತೆಳು ಹುಡುಗ ಜಿಂಕೆಯಂತೆ ಹೊರಳುತ್ತಾನೆ. ಅರವತ್ತರ ದಶಕದ ಹೊತ್ತಿಗೆ ಸುಮಾರು 95 ಕಿಲೋ ತೂಗುವ ಭಾರಿ ಆಳು. ವೇಗ ತಗ್ಗಿದೆ, ಆದರೆ ಒಬ್ಬರ ಕೈಗೆ ನಿಲ್ಲುವ ಮೈಯಲ್ಲ ಅದು. ದೇಹ ಬದಲಾದಂತೆ ಆಟವನ್ನೂ ಬದಲಿಸಿಕೊಂಡದ್ದೇ ಅವರ ಪ್ರತಿಭೆಯ ದೊಡ್ಡ ಪುರಾವೆ ಎಂದು ನನಗನ್ನಿಸುತ್ತದೆ. ವೇಗವನ್ನೇ ನೆಚ್ಚಿಕೊಂಡ ಆಟಗಾರರು ವೇಗ ಹೋದ ದಿನ ಮುಗಿದುಹೋಗುತ್ತಾರೆ.

ವಿಗನ್‌ಗಾಗಿ 488 ಪಂದ್ಯಗಳಲ್ಲಿ 478 ಟ್ರೈ, ಒಟ್ಟು ವೃತ್ತಿಜೀವನದಲ್ಲಿ 571. ಇದರ ತೂಕ ತಿಳಿಯಬೇಕಾದರೆ ಆಗಿನ ನಿಯಮ ಗೊತ್ತಿರಬೇಕು. ಈಗ ಆರು ಸಲ ಹಿಡಿದು ಬೀಳಿಸಿದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. 1966ಕ್ಕೆ ಮೊದಲು ಇಂಥ ಮಿತಿಯೇ ಇರಲಿಲ್ಲ. ಬಲವಾದ ತಂಡ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಎಷ್ಟು ಹೊತ್ತಾದರೂ ತಳ್ಳಾಡಬಹುದಿತ್ತು. ವಿಂಗ್‌ನವನು ಚಳಿಯಲ್ಲಿ ಕಾಯುತ್ತ ನಿಂತಿರಬೇಕು, ಚೆಂಡು ಬಂದ ಆ ಒಂದೆರಡು ಗಳಿಗೆಯಲ್ಲಿ ತಪ್ಪಬಾರದು. ಹಾಗೆಯೇ ಇನ್ನೊಂದು ಮಾತನ್ನೂ ಹೇಳಬೇಕು. ಇವುಗಳಲ್ಲಿ ಬಹಳಷ್ಟು ಟ್ರೈಗಳ ಅರ್ಧ ಶ್ರೇಯ ಎರಿಕ್ ಆ್ಯಷ್ಟನ್ ಅವರದು. 1955ರಲ್ಲಿ ವಿಗನ್‌ಗೆ ಬಂದ, ವಿಂಗ್‌ನ ಪಕ್ಕದಲ್ಲೇ ಆಡುವ ಈ ಸೆಂಟರ್ ಆಟಗಾರ ಎದುರಾಳಿಯನ್ನು ತನ್ನತ್ತ ಸೆಳೆದು, ಇನ್ನೇನು ಸಿಕ್ಕಿಬಿದ್ದೆ ಎನ್ನುವಾಗ ಚೆಂಡನ್ನು ಪಕ್ಕಕ್ಕೆ ದಾಟಿಸುತ್ತಿದ್ದರು. ಬೋಸ್ಟನ್ ಕಥೆ ಹೇಳುವವರು ಆ್ಯಷ್ಟನ್ ಹೆಸರನ್ನು ಓಡುತ್ತ ಹೇಳಿ ಮುಗಿಸುತ್ತಾರೆ. ಅದು ಅನ್ಯಾಯ.

ಟ್ರೈಗಳ ಪಟ್ಟಿಯಲ್ಲಿ ಬೋಸ್ಟನ್‌ಗಿಂತ ಮೇಲಿರುವವರು ಒಬ್ಬರೇ, ವಾರಿಂಗ್ಟನ್‌ಗೆ ಆಡಿದ ಆಸ್ಟ್ರೇಲಿಯಾದ ಬ್ರಯನ್ ಬೆವನ್. ಅವರ ಲೆಕ್ಕ 796. ಕೈಗೆ ಸಿಗದಂತೆ ಜಾರುವುದರಲ್ಲಿ ಬೆವನ್‌ಗೆ ಸಾಟಿಯಿಲ್ಲ. ಆದರೂ ನಾನು ತಂಡ ಕಟ್ಟುವುದಾದರೆ ಮೊದಲು ಬರೆಯುವ ಹೆಸರು ಬೋಸ್ಟನ್‌ರದು. ಅವರು ಎದುರಾಳಿಯನ್ನು ತಡೆಯುವುದರಲ್ಲೂ ಅಷ್ಟೇ ದೊಡ್ಡವರು. ತಮ್ಮ ಜಾಗ ಬಿಟ್ಟು ಒಳಗೆ ನುಗ್ಗಿ ಚೆಂಡು ಹಿಡಿದವನಿಗೆ ಅಪ್ಪಳಿಸುವುದು ಅವರ ರೀತಿ. ಅದು ಜೂಜೇ ಸರಿ, ಗುರಿ ತಪ್ಪಿದರೆ ಹಿಂದೆ ಅಂಚೆಲ್ಲ ಖಾಲಿ. ಆದರೆ ಗುರಿ ಸಿಕ್ಕರೆ ಆ ಪೆಟ್ಟಿನ ನೆನಪು ಎದುರಾಳಿಯ ಮುಂದಿನ ಓಟವನ್ನೇ ಕುಂದಿಸುತ್ತಿತ್ತು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಅವರು ಆಡಿದ ಲೀಗ್‌ನ ಆರು ಚಾಲೆಂಜ್ ಕಪ್ ಫೈನಲ್‌ಗಳಲ್ಲಿ ವಿಗನ್ ಗೆದ್ದದ್ದು ಮೂರು: 1958, 1959, 1965. 1959ರಲ್ಲಿ ಹಲ್ ತಂಡವನ್ನು 30-13ರಿಂದ ಸೋಲಿಸಿದಾಗ ಎರಡು ಟ್ರೈ ಅವರದು.

ಈ ಕಥೆಯನ್ನು ರಗ್ಬಿ ಲೀಗ್ ತನ್ನ ಹೆಮ್ಮೆಯ ಕಥೆಯಾಗಿ ಹೇಳಿಕೊಳ್ಳುತ್ತದೆ. ಯೂನಿಯನ್ ಬೇಡವೆಂದವರಿಗೆ ನಾವು ಮನೆ ಕೊಟ್ಟೆವು ಎನ್ನುತ್ತದೆ. ಬಹುಪಾಲು ನಿಜ. ವಿಗನ್‌ನ ಜನ ಅವರನ್ನು ಮನೆಮಗನಂತೆ ಕಂಡರು, ಅವರೂ ನಿವೃತ್ತಿಯ ನಂತರ ಊರು ಬಿಡಲಿಲ್ಲ. ಕ್ಲಬ್ಬಿನ ಸೆಂಟ್ರಲ್ ಪಾರ್ಕ್ ಮೈದಾನದ ಹತ್ತಿರವೇ ಗ್ರಿಫಿನ್ ಎಂಬ ಪಬ್ ನಡೆಸಿದರು. ಆದರೆ ಈ ಹೆಮ್ಮೆಯ ಮಧ್ಯೆ 1957ರ ಒಂದು ಪುಟವಿದೆ. ಆ ವರ್ಷ ಆಸ್ಟ್ರೇಲಿಯಾದಲ್ಲಿ ವಿಶ್ವಕಪ್ ಮುಗಿಸಿ ಮರಳುವಾಗ ಗ್ರೇಟ್ ಬ್ರಿಟನ್ ತಂಡ ದಕ್ಷಿಣ ಆಫ್ರಿಕಾದಲ್ಲಿ ಇಳಿದು ಫ್ರಾನ್ಸ್ ಜೊತೆ ಪ್ರದರ್ಶನ ಪಂದ್ಯಗಳನ್ನು ಆಡಿತು. ವರ್ಣಭೇದ ಕಾನೂನಾಗಿದ್ದ ನೆಲ ಅದು. ಬೋಸ್ಟನ್ ಅಲ್ಲಿ ಆಡುವಂತಿರಲಿಲ್ಲ. ಅವರು ಒಬ್ಬರೇ ಬೇರೆಯಾಗಿ ಮನೆಗೆ ಮರಳಿದರು, ತಂಡ ಆಡಿತು. ಆ ಪಂದ್ಯಗಳು ಯಾವ ಪ್ರಶಸ್ತಿಗೂ ಲೆಕ್ಕವಿರಲಿಲ್ಲ, ಆಡಲೇಬೇಕಾದ ಅಗತ್ಯವೂ ಇರಲಿಲ್ಲ. ತನ್ನ ಶ್ರೇಷ್ಠ ಆಟಗಾರನಿಗೆ ಪ್ರವೇಶವಿಲ್ಲದ ಜಾಗಕ್ಕೆ ತಾನೂ ಹೋಗುವುದಿಲ್ಲ ಎನ್ನುವ ಧೈರ್ಯ ಆಟದ ಆಡಳಿತಕ್ಕೆ ಬರಲಿಲ್ಲ. ಕಾರ್ಡಿಫ್‌ನ ಮೌನವನ್ನು ಖಂಡಿಸುವವರು ಇದನ್ನೂ ಅದೇ ದನಿಯಲ್ಲಿ ಖಂಡಿಸಬೇಕು.

ಗೌರವಗಳು ತಡವಾಗಿ, ಒಂದರ ಹಿಂದೆ ಒಂದು ಬಂದವು. 2015ರಲ್ಲಿ ವೆಂಬ್ಲಿಯಲ್ಲಿ ಇನ್ನೂ ನಾಲ್ವರೊಂದಿಗೆ ಪ್ರತಿಮೆ, 2016ರಲ್ಲಿ ವಿಗನ್‌ನಲ್ಲಿ. ಆ ವೇಳೆಗೆ ಅವರಿಗೆ ಮರೆವಿನ ಕಾಯಿಲೆ ಹತ್ತಿತ್ತು. 2023ರಲ್ಲಿ ಕಾರ್ಡಿಫ್ ಬೇಯಲ್ಲಿ, ಅವರು ಹುಟ್ಟಿದ ಕೇರಿಯ ಮಗ್ಗುಲಲ್ಲೇ, ಬೋಸ್ಟನ್, ಸುಲ್ಲಿವನ್ ಮತ್ತು ಇನ್ನೊಬ್ಬ ಲೀಗ್ ಆಟಗಾರ ಗಸ್ ರಿಸ್ಮನ್ ಮೂವರ ಕಂಚಿನ ಪ್ರತಿಮೆ ನಿಂತಿತು. ಮೂವರನ್ನು ಆರಿಸಿದ್ದು ಸಾರ್ವಜನಿಕರ ಮತ. ಬದುಕಿ ಬಾಳಿದ ಕಪ್ಪು ಗಂಡಸರ ಹೆಸರಿನಲ್ಲಿ ವೇಲ್ಸ್‌ನಲ್ಲಿ ಪ್ರತಿಮೆ ಎದ್ದದ್ದು ಅದೇ ಮೊದಲು. ಶಿಲ್ಪಿ ಸ್ಟೀವ್ ವಿಂಟರ್‌ಬರ್ನ್ ಅವರ ಈ ಕೆಲಸ ನನಗೆ ಉಳಿದ ಎರಡಕ್ಕಿಂತ ದೊಡ್ಡದಾಗಿ ಕಾಣುವುದು ಅದು ನಿಂತ ಜಾಗದಿಂದ. ವಿಗನ್‌ನ ಪ್ರತಿಮೆ ಪ್ರೀತಿಯದು, ಕಾರ್ಡಿಫ್‌ನದು ತಪ್ಪೊಪ್ಪಿಗೆ.

2025ರ ಜೂನ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅವರಿಗೆ ನೈಟ್ ಪದವಿ ಕೊಡಲಾಯಿತು. ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಈ ಗೌರವ ಸಂದದ್ದು ಆಟ ಹುಟ್ಟಿ 130 ವರ್ಷದಲ್ಲಿ ಇದೇ ಮೊದಲು. ಯೂನಿಯನ್‌ನಲ್ಲಿ ವೇಲ್ಸ್‌ನ ಮಹಾನ್ ಆಟಗಾರರಾದ ಗ್ಯಾರೆತ್ ಎಡ್ವರ್ಡ್ಸ್ ಅವರಿಗೆ ಹತ್ತು ವರ್ಷ ಮೊದಲೇ ಸಂದಿತ್ತು. ಎಡ್ವರ್ಡ್ಸ್ ಅದಕ್ಕೆ ಅರ್ಹರು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಹುಟ್ಟಿದ್ದು ಬೋಸ್ಟನ್‌ಗಿಂತ ಹದಿಮೂರು ವರ್ಷ ತಡವಾಗಿ. ಬೋಸ್ಟನ್ ಗ್ರೇಟ್ ಬ್ರಿಟನ್ ಪರ 31 ಟೆಸ್ಟ್ ಆಡಿದರು. ಕಾರ್ಡಿಫ್ ಕ್ಲಬ್ಬಿಗೆ ಒಂದೂ ಪಂದ್ಯ ಆಡಲಿಲ್ಲ.