ಈ ಎಕ್ಸ್ ಯಾರಿಗೆ ಅವ್ಯಕ್ತ?

ನಮ್ಮ ಸಣ್ಣ ಪತ್ರಿಕೆಗಳಲ್ಲಿ ಕವನ ಸಂಕಲನಗಳ ವಿಮರ್ಶೆ ಬರುತ್ತದೆ, ಕಾದಂಬರಿಗಳ ವಿಮರ್ಶೆ ಬರುತ್ತದೆ. ಗಣಿತದ ಪುಸ್ತಕದ ವಿಮರ್ಶೆ ಬರುವುದಿಲ್ಲ. ಆದರೆ ಕೆಟ್ಟ ಕವನ ಓದಿ ಯಾರೂ ಸಾಲಿ ಬಿಟ್ಟಿಲ್ಲ. ಗಣಿತದ ಪುಸ್ತಕಕ್ಕೆ ಹೆದರಿ ಸಾಲಿ ಬಿಟ್ಟವರು ನಮ್ಮ ಕೇರಿಗಳಲ್ಲಿ ಓಣಿಗೊಬ್ಬರು ಸಿಗ್ತಾರ. ಹಾಗಾದರೆ ಆ ಪುಸ್ತಕವನ್ನೂ ಒಂದು ಕೃತಿಯಂತೆ ಓದಬೇಕಲ್ಲವೆ? ಯಾರ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಅದನ್ನು ಬರೆದಿದ್ದಾರೆ ಅಂತ ಕೇಳಬೇಕಲ್ಲವೆ?

ಬೆಂಗಳೂರಿನ ಕೆಲವು ಉಳ್ಳವರು ಮಕ್ಕಳನ್ನು ಸಾಲಿಗೆ ಕಳಿಸದೆ ಮನೆಯಲ್ಲೇ ಓದಿಸುತ್ತಾರೆ. ಸಿಂಗಾಪುರದ ಗಣಿತ ಬೇಕೋ, ಅಮೆರಿಕದ್ದು ಬೇಕೋ ಅಂತ ಆರಿಸುತ್ತಾರೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಕೇರಿಗಳಲ್ಲೂ ಮನಿ ಸಾಲಿ ಇದೆ, ಅದಕ್ಕೆ ಹೆಸರಿಲ್ಲ ಅಷ್ಟೆ. ಹಗಲು ಸಾಲಿಗೆ ಹೋಗಿಬಂದ ತಂಗಿಗೆ ರಾತ್ರಿ ಪಿಯುಸಿ ಮುಗಿಸಿದ ಅಕ್ಕ ಹೇಳಿಕೊಡುತ್ತಾಳೆ. ಅವ್ವ ಅಪ್ಪಗ ಪುಸ್ತಕ ಓದಾಕ ಬರೂದಿಲ್ಲ. 2020ರಲ್ಲಿ ಸಾಲಿಗಳು ಮುಚ್ಚಿದಾಗ ಸರಕಾರ ‘ವಿದ್ಯಾಗಮ’ ಅಂತ ಪಾಠವನ್ನು ಊರಿನ ಕಟ್ಟೆಗೆ, ಮರದ ನೆರಳಿಗೆ ತಂದಿತು. ಆಗಸ್ಟಿನಲ್ಲಿ ಸುರುವಾದದ್ದು ಅಕ್ಟೋಬರಿನಲ್ಲಿ ನಿಂತಿತು. ಆಮೇಲೆ ಉಳಿದವಳು ಮತ್ತೆ ಆ ಅಕ್ಕನೇ. ಆರನೇ ಈಯತ್ತೆಯಲ್ಲಿ ಅಂಕಿಯ ಜಾಗದಲ್ಲಿ ಅಕ್ಷರ ಬಂದು ಕೂತಾಗ ಯಾವ ಪುಸ್ತಕ ಹಿಡಿದು ಹೇಳಿಕೊಡಲಿ? ಇದು ಅವಳ ಪ್ರಶ್ನೆ.

ಅವಳ ಕೈಗೆ ಸುಲಭವಾಗಿ ಸಿಗುವುದು ಗೈಡು. ಗೈಡು ಉತ್ತರ ಕೊಡುತ್ತದೆ, ಕಾರಣ ಕೊಡುವುದಿಲ್ಲ. ‘ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ’ ಅನ್ನುತ್ತದೆ. ನಮ್ಮ ರಾಜಕಾರಣ ನೋಡಿದ ಮಕ್ಕಳಿಗೆ ಈ ಮಾತು ಬೇಗ ಬಾಯಿಪಾಠವಾಗುತ್ತದೆ. ಆದರೆ ಯಾಕೆ ಬದಲಾಗುತ್ತದೆ? ಗೈಡಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕಾರಣ ಕೇಳದೆ ಹೇಳಿದ್ದನ್ನು ಮಾಡು ಎನ್ನುವ ಪಾಠ ನಮ್ಮ ಜನಕ್ಕೆ ಗೌಡರ ಹೊಲದಾಗ ಸಾವಿರ ವರ್ಷ ಆಗಿದೆ. ಅದನ್ನೇ ರೊಕ್ಕ ಕೊಟ್ಟು ಮನೆಗೆ ತರುವುದು ಬೇಡ.

ಇನ್ನೊಂದು, ಸರಕಾರ ಹಂಚುವ ಪಠ್ಯಪುಸ್ತಕ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೇಲೆ ಎನ್.ಸಿ.ಇ.ಆರ್.ಟಿ. ರೂಪಿಸಿದ ಗಣಿತವನ್ನೇ ನಮ್ಮ ರಾಜ್ಯ ಕನ್ನಡಕ್ಕೆ ತಂದು ಮಕ್ಕಳ ಕೈಗಿಟ್ಟಿತು. 2024ರಿಂದ ಎನ್.ಸಿ.ಇ.ಆರ್.ಟಿ. ‘ಗಣಿತ ಪ್ರಕಾಶ’ ಎಂಬ ಹೊಸ ಸಾಲನ್ನು ತರತೊಡಗಿತು. ಪುಸ್ತಕ ಬದಲಾಗುತ್ತಿರುತ್ತದೆ. ನಾನು ಹೇಳುವುದು ನಮ್ಮ ಮನೆಗಳಲ್ಲಿ ಬಂದು ಕೂತ ಆ ಹಳೆಯ ಪುಸ್ತಕದ ಬಗ್ಗೆ.

ಅದರಲ್ಲಿ ಒಳ್ಳೆಯದಿದೆ. ಸಮೀಕರಣ ಅಂದರೆ ತೂಕ ಸಮನಾದ ತಕ್ಕಡಿ ಎಂದು ಏಳನೇ ಈಯತ್ತೆಯಲ್ಲಿ ಹೇಳುತ್ತದೆ. ಒಂದು ತಟ್ಟೆಯಿಂದ ತೆಗೆದಷ್ಟನ್ನೇ ಇನ್ನೊಂದರಿಂದ ತೆಗೆಯಬೇಕು. ಗೈಡು ನುಂಗಿಹಾಕಿದ ಕಾರಣ ಇಲ್ಲಿದೆ. ಬ್ಯಾಡಗಿ ಅನ್ನುವ ಊರೇ ತೂಕದ ಮೇಲೆ ನಿಂತದ್ದು. ಅಲ್ಲಿಯ ಕೂಸಿಗೆ ತಕ್ಕಡಿಯ ನ್ಯಾಯ ಹೇಳಿಕೊಡಬೇಕಾಗಿಲ್ಲ, ತಕ್ಕಡಿಯ ಅನ್ಯಾಯವೂ ಅದಕ್ಕೆ ಗೊತ್ತು.

ಕೊರತೆ ಬೇರೆ ಕಡೆ ಇದೆ. ಆರನೇ ಈಯತ್ತೆಯ ಪುಸ್ತಕದಲ್ಲಿ ಸುನೀತಾ ಅನ್ನುವ ಹುಡುಗಿ ಪಿಕ್ನಿಕ್ಕಿಗೆ 10 ಬಾಳೆಹಣ್ಣು ಕೇಳುತ್ತಾಳೆ. ತಾಯಿಯ ಹತ್ತಿರ 8 ಇವೆ. ಪಕ್ಕದ ಮನೆಯಿಂದ 2 ಸಾಲ ತರುತ್ತಾಳೆ. ಋಣ ಸಂಖ್ಯೆಯ ಪಾಠ ಹೀಗೆ ಹೊರಡುತ್ತದೆ. ಕೈಗಡದ ವ್ಯವಹಾರ ನಮ್ಮ ಅವ್ವಗಳಿಗೆ ಗೊತ್ತಿದ್ದದ್ದೇ, ಈ ಮಟ್ಟಿಗೆ ಪುಸ್ತಕ ನಮ್ಮ ಓಣಿಗೆ ಬಂದಿದೆ. ಆದರೆ ‘ಋಣ’ ಅಂದರೆ ಸಾಲವೇ. 628ರಲ್ಲಿ ಬ್ರಹ್ಮಗುಪ್ತ ಧನ, ಋಣ ಅಂತ ಹೆಸರಿಟ್ಟು ಅವುಗಳ ಕೂಡು ಕಳೆ ನಿಯಮ ಬರೆದ. ಆ ಮಾತಿನ ಬಿಸಿ ಬಾಳೆಹಣ್ಣಿನಲ್ಲಿ ಆರಿಹೋಗಿದೆ. ಹಣ್ಣಿನ ಸಾಲಕ್ಕೆ ಬಡ್ಡಿ ಇಲ್ಲ, ಮನೆ ಮುಂದೆ ಬಂದು ಕೂಗುವವರಿಲ್ಲ.

ಮುಂದೆ ಬೀಜಗಣಿತದ ಪಾಠ. ತಾಯಿ ಲಾಡು ಮಾಡಿದ್ದಾಳೆ. ಬಂದವರಿಗೆ, ಮನೆಯವರಿಗೆ ಕೊಟ್ಟು ಇನ್ನೂ 5 ಉಳಿದಿವೆ. ಕೊಟ್ಟದ್ದು ಎಲ್ ಆದರೆ ಮಾಡಿದ್ದೆಷ್ಟು? ಎಲ್ ಕೂಡಿಸು 5. ರಂಗೋಲಿಯ ಒಂದು ಸಾಲಿಗೆ ಇಷ್ಟು ಚುಕ್ಕಿ, ಆರ್ ಸಾಲಿಗೆಷ್ಟು? ಅಷ್ಟನ್ನು ಆರ್‌ನಿಂದ ಗುಣಿಸು. ಲೆಕ್ಕ ಸರಿಯಾಗಿದೆ. ಆದರೆ ನೋಡಿ, ಇಲ್ಲಿ ಗೊತ್ತಿಲ್ಲದ್ದು ಗೊತ್ತಿಲ್ಲದೆ ಉಳಿದರೆ ಯಾರಿಗೂ ನಷ್ಟವಿಲ್ಲ. ನಮ್ಮ ಗಣಿತಜ್ಞರು ಬೆಲೆ ಗೊತ್ತಿಲ್ಲದ ಸಂಖ್ಯೆಯನ್ನು ‘ಅವ್ಯಕ್ತ’ ಅಂದರು. ನಮ್ಮ ಬದುಕಿನಲ್ಲಿ ಕೇಳಬೇಕಾದ್ದು ಒಂದೇ: ಯಾರಿಗೆ ಅವ್ಯಕ್ತ? ನಮಗೆ ಗೊತ್ತಿಲ್ಲದ್ದು ಬಹಳ ಸಲ ಇನ್ನೊಬ್ಬನಿಗೆ ಚೆನ್ನಾಗಿ ಗೊತ್ತಿರುತ್ತದೆ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿಯಿತೆಂದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದು ಪತ್ರಿಕೆಯಲ್ಲಿ ಬಂತು. ಅದೇ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸಿನ ಲೆಕ್ಕ ಎಲ್ಲಿಯೂ ಬರುವುದಿಲ್ಲ. ಲೆಕ್ಕಕ್ಕೆ ಅಂತ ಹೀಗೆ ಹಿಡೀರಿ. ಒಬ್ಬ ತಾಯಿ ಸೋಮವಾರ 30 ಕಿಲೋ ಬಿಡಿಸಿದಳು, ಕೈಗೆ 150 ರೂಪಾಯಿ ಬಂತು. ಮಂಗಳವಾರ 24 ಕಿಲೋ, 90 ರೂಪಾಯಿ. ಕಿಲೋಕ್ಕೆ ದರ ಎಷ್ಟು, ಮುಂಗಡಕ್ಕೆ ದಿನಾ ಮುರಿದುಕೊಳ್ಳೋದು ಎಷ್ಟು? ಮೇಸ್ತ್ರಿ ಹೇಳೂದಿಲ್ಲ. ಒಂದೇ ದಿನದ ಲೆಕ್ಕ ಹಿಡಿದು ಕೂತರೆ ಎರಡು ಅವ್ಯಕ್ತ, ಒಂದೇ ಸಮೀಕರಣ. ಬ್ರಹ್ಮದೇವರೂ ಬಿಡಿಸಲಾರ. ಎರಡು ದಿನದ ಲೆಕ್ಕ ಜೋಡಿಸಿದರೆ? ದರವೂ ಮುರಿತವೂ ಎರಡೂ ದಿನ ಒಂದೇ ಆಗಿದ್ದರೆ, 6 ಕಿಲೋ ಕಡಿಮೆಯಾದದ್ದಕ್ಕೆ 60 ರೂಪಾಯಿ ಕಡಿಮೆಯಾಗಿದೆ. ಅಂದರೆ ದರ 10. 30 ಕಿಲೋಕ್ಕೆ 300 ಬರಬೇಕಿತ್ತು, ಬಂದದ್ದು 150, ಮುರಿದದ್ದು 150. ಮೇಸ್ತ್ರಿ ಬಾಯಿಬಿಡದೆ ಗುಟ್ಟು ಹೊರಬಿತ್ತು. ಇನ್ನೊಂದು ದಿನ ಜ್ವರ ಬಂದು 12 ಕಿಲೋ ಮಾತ್ರ ಬಿಡಿಸಿದರೆ? 120ರಲ್ಲಿ 150 ಹೋದರೆ ಋಣ 30. ದುಡಿದು ಮನೆಗೆ ಸಾಲ ಹೊತ್ತು ಬಂದಳು. ಈಗ ಋಣ ಚಿಹ್ನೆ ಏನೆಂದು ಮಗಳಿಗೆ ಬಿಡಿಸಿ ಹೇಳಬೇಕೆ?

ಇಲ್ಲಿ ಒಂದು ಅಪಾಯವಿದೆ, ಗೆಳೆಯರೆ. ‘ಹೌದು, ಈ ಮಕ್ಕಳಿಗೆ ಕೂಲಿ, ಸಂತೆ, ಬಡ್ಡಿ ಲೆಕ್ಕ ಸಾಕು. ಆ ಎಕ್ಸು ವೈ ಯಾಕೆ?’ ಎಂದು ಮೆತ್ತಗೆ ಹೇಳುವ ದಯಾಳುಗಳಿದ್ದಾರೆ. ಇದು ಹಳೆಯ ಮಾತಿನ ಹೊಸ ಅಂಗಿ. ಜೀವನದ ಲೆಕ್ಕ ನಮಗೆ, ಬೀಜಗಣಿತ ಅವರಿಗೆ! ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ತಾಕಿಸುವ ಕೈ ನಮ್ಮದು, ಬೀಜದ ವಿಜ್ಞಾನ ಇನ್ನೊಬ್ಬರದು. ಬೀಜಗಣಿತದಲ್ಲೂ ಹಾಗೇ ಆಗಬೇಕೆ? ಕೂಲಿಯ ಲೆಕ್ಕ ಬಾಗಿಲು ಮಾತ್ರ. ಒಳಗೆ ಹೋಗಬೇಕು. ಬೀಜೋಕ್ತಿಗಳ ಗುಣಾಕಾರ, ಅಪವರ್ತನ, ವರ್ಗ ಸಮೀಕರಣ, ಎಲ್ಲವೂ ಬೇಕು. ಅವುಗಳಲ್ಲಿ ಮೆಣಸಿನಕಾಯಿಯೂ ಇಲ್ಲ, ಲಾಡೂ ಇಲ್ಲ. ಇಲ್ಲದಿದ್ದರೂ ಅವು ನಮ್ಮವೇ.

ಇದನ್ನು ನಮಗಿಂತ ಮೊದಲು ಅಮೆರಿಕದ ಕರಿಯರ ಹೋರಾಟದಿಂದ ಬಂದ ಒಬ್ಬ ಕಂಡಿದ್ದ. ಬಾಬ್ ಮೋಸೆಸ್ 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕರಿಯರ ಮತದ ಹಕ್ಕಿಗಾಗಿ ಹಳ್ಳಿ ಹಳ್ಳಿ ತಿರುಗಿ ಹೊಡೆತ ತಿಂದವನು. 1982ರಲ್ಲಿ ತನ್ನ ಮಗಳಿಗೆ ಸಾಲಿಯಲ್ಲಿ ಬೀಜಗಣಿತ ಇಲ್ಲವೆಂದು ಮನೆಯಲ್ಲೇ ಹೇಳಿಕೊಡುತ್ತಿದ್ದವನು, ಸಾಲಿಗೇ ಹೋಗಿ ಇತರ ಮಕ್ಕಳಿಗೂ ಹೇಳಿಕೊಟ್ಟ. ಅದೇ ‘ಆಲ್ಜೀಬ್ರಾ ಪ್ರಾಜೆಕ್ಟ್’ ಆಯಿತು. ಮತದ ಹಕ್ಕಿನಂತೆ ಬೀಜಗಣಿತವೂ ಹಕ್ಕು ಅಂದ. ಅವನ ಕ್ರಮ ಸರಳ. ಮಕ್ಕಳನ್ನು ರೈಲಿನಲ್ಲಿ ಕರೆದುಕೊಂಡು ಹೋಗುವುದು, ಕಂಡದ್ದರ ಚಿತ್ರ ಬರೆಸುವುದು, ತಮ್ಮ ಮಾತಿನಲ್ಲಿ ಹೇಳಿಸುವುದು, ಆಮೇಲೆ ಗಣಿತದ ಮಾತು, ಕಡೆಗೆ ಚಿಹ್ನೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಒಂದೇ ರೈಲು ಹಾದಿಯ ಮೇಲಿವೆ. ಬ್ಯಾಡಗಿಯನ್ನು ಸೊನ್ನೆ ಅನ್ನಿ, ರಾಣೇಬೆನ್ನೂರಿನ ಕಡೆ ಧನ, ಹಾವೇರಿಯ ಕಡೆ ಋಣ. ಸಂಖ್ಯಾರೇಖೆ ಊರ ಬಾಗಿಲಲ್ಲೇ ಬಿದ್ದಿದೆ.

ತಮ್ಮ ಮಾತು ಅಂದೆನಲ್ಲ, ಕನ್ನಡಕ್ಕೆ ಈ ಭಾರ ಹೊಸದಲ್ಲ. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತವನ್ನು ಸಂಸ್ಕೃತದಲ್ಲಿ ಬರೆದ. 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಲೆಕ್ಕ ಕನ್ನಡಕ್ಕೆ ಬಂದು ಎಂಟುನೂರು ವರ್ಷ ದಾಟಿತು, ಕೇರಿಗೆ ಬಂದು ಎಷ್ಟಾಯಿತು?

ಆದ್ದರಿಂದ ಅಕ್ಕಗಳಿಗೆ ನನ್ನ ಮಾತು ಇಷ್ಟೆ. ಗೈಡು ಬಿಡ್ರಿ. ಸರಕಾರದ ಪುಸ್ತಕವನ್ನೇ ಹಿಡೀರಿ, ಆದರೆ ಅದರ ಮೊದಲ ಪುಟದಿಂದ ಸುರು ಮಾಡಬ್ಯಾಡ್ರಿ. ಮೊದಲು ಅವ್ವನ ಕೂಲಿಯ ಲೆಕ್ಕ ತಂಗಿಯ ಬಾಯಿಂದ ಬರಲಿ, ಅದನ್ನು ಒಂದು ವಾಕ್ಯವಾಗಿ ಬರೆಯಲಿ, ಗೊತ್ತಿಲ್ಲದ ಜಾಗಕ್ಕೆ ಅವಳೇ ಒಂದು ಅಕ್ಷರ ಇಡಲಿ. ‘ದ’ ಅಂತ ಇಟ್ಟರೂ ನಡೀತದ, ಎಕ್ಸ್ ಆಮೇಲೆ ಬರ್ತದ. ಅಲ್ಲಿಂದ ಪುಸ್ತಕಕ್ಕೆ ಹೋಗಿ ಒಂದು ಲೆಕ್ಕವನ್ನೂ ಬಿಡದೆ ಮಾಡಿಸ್ರಿ. ಪ್ರತಿ ಮೆಟ್ಟಿಲಿಗೂ ‘ಯಾಕೆ?’ ಅಂತ ಅವಳು ಕೇಳಬೇಕು. ಹಾಗೆ ಕೇಳಿ ಕಲಿತ ಹುಡುಗಿಯ ಮುಂದೆ ಕೂಲಿ ಎಣಿಸುವಾಗ ಮೇಸ್ತ್ರಿ ಎರಡು ಸಲ ಎಣಿಸುತ್ತಾನೆ.